ನೀಲಾಂಬಿಕೆಯ ಕಾಲ್ಬೆರಳುಗಳು

ನಮ್ಮೂರಲ್ಲಿ ಅಟ್ಟವಿಲ್ಲದ ಮನೆ ಕಂಡರೆ ಆ ಮನೆಯವರು ಸೋಮಾರಿಗಳು ಅಂತ ತಿಳಿದುಕೊಳ್ಳಬೇಕು. ಅಟ್ಟ ಎಲ್ಲರ ಮನೆಗೂ ಇದ್ದದ್ದೇ. ಆಗಾಗ ಏಣಿ ಹಾಕಿ ಹತ್ತಿ, ಅಲ್ಲಿನ ತೊಲೆ, ಹಲಗೆ, ಹಳೇ ಹಂಡೆಗಳನ್ನೆಲ್ಲ ಒಂದು ಸಲ ನೋಡಿ ಬಂದರೆ ಅದರ ಪಾಡಿಗೆ ಅದು ಇರುತ್ತದೆ. ನೋಡದೆ ಬಿಟ್ಟರೆ ಮೊದಲು ಮಬ್ಬಾಗುತ್ತದೆ, ಆಮೇಲೆ ಅದರಾಚೆಗಿನದು ಕಾಣತೊಡಗುತ್ತದೆ, ಕಡೆಗೆ ಕೈ ಹಾಕಿದರೆ ಕೈಗೆ ಏನೂ ಸಿಗುವುದಿಲ್ಲ. ನನ್ನ ಮನೆಯ ಅಟ್ಟ ಹೋದದ್ದೂ ಹೀಗೇ. ನನಗೆ ಮಂಡಿನೋವು, ಏಣಿ ಹತ್ತಲಾರೆ. ಹೋದರೆ ಹೋಗಲಿ ಅಂದುಕೊಂಡೆ, ಅಲ್ಲಿದ್ದದ್ದೆಲ್ಲ ನಮ್ಮತ್ತೆಯ ಕಾಲದ ಸಾಮಾನು.

ಹಾಗಂತ ಬರೀ ಕಣ್ಣು ಹೊರಳಿಸಿದರೆ ಸಾಲದು, ಮನಸ್ಸಾಗಿ ನೋಡಬೇಕು. ಸಂಬಳಕ್ಕೆ ನೋಡಿದ್ದು, ಹೆದರಿ ನೋಡಿದ್ದು, ಯಾರೋ ನೋಡು ಅಂದರು ಅಂತ ನೋಡಿದ್ದು, ಇದ್ಯಾವುದೂ ಹಿಡಿಯುವುದಿಲ್ಲ. ಹಿಂದೊಮ್ಮೆ ಪುರಸಭೆಯವರು ಹೊಳೆ ಸೇತುವೆಯನ್ನು ನೋಡುವುದಕ್ಕೆ ಅಂತಲೇ ಒಬ್ಬನನ್ನು ನೇಮಿಸಿದ್ದರು. ಖಾಕಿ ಅಂಗಿ, ಕೊಡೆ, ಕುರ್ಚಿ ಎಲ್ಲ ಕೊಟ್ಟರು. ಪಾಪ, ಆತ ಬೆಳಗಿನಿಂದ ಸಂಜೆವರೆಗೆ ಕಣ್ಣು ಮಿಟುಕಿಸದೆ ನೋಡಿದ. ಮಳೆಗಾಲ ಮುಗಿಯುವಷ್ಟರಲ್ಲಿ ಸೇತುವೆಯ ಒಂದು ಕಡೆಯ ಕಂಬಿಗಳೇ ಇಲ್ಲ! ಅವನನ್ನು ಕೆಲಸದಿಂದ ಬಿಡಿಸಿದ ಮೇಲೆ ಗಾಳ ಹಾಕಿ ಕೂರುವವರು, ಮನೆಯವರಿಗೆ ಹೇಳದೆ ಬಂದು ನಿಲ್ಲುವ ಹುಡುಗ ಹುಡುಗಿಯರು, ಸುಮ್ಮನೆ ಹೊತ್ತು ಕಳೆಯುವವರು ನೋಡಿ ನೋಡಿ ಆ ಕಂಬಿಗಳನ್ನು ವಾಪಸು ತಂದರು. ಹೋದದ್ದು ಮರಳಿ ಬರುವುದೂ ಉಂಟು. ಆದರೆ ಅದಕ್ಕೆ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ.

ಮನುಷ್ಯರ ವಿಷಯದಲ್ಲಿ ಇದನ್ನು ನಾವು ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಮನೆ ಅಂದಮೇಲೆ ಒಬ್ಬರನ್ನೊಬ್ಬರು ನೋಡದೆ ಇರುತ್ತಾರೆಯೇ? ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಬೆಳಿಗ್ಗೆ ಒಲೆಯ ಮುಂದೆ, ಹಾಲು ಕಾಯುವಷ್ಟು ಹೊತ್ತು, ಎದುರುಬದುರು ಕೂತು ನೋಡುವ ಪದ್ಧತಿ ನಮ್ಮಲ್ಲಿದೆ. ನಾಲ್ಕು ದಿನ ಕಳೆದ ಮೇಲೆ ಎಲ್ಲರೂ ಅದನ್ನು ಬಿಡುತ್ತಾರೆ. ನಮ್ಮ ಯಜಮಾನರು ಬದುಕಿದ್ದಾಗ ಹಾಲು ಬೆಚ್ಚಗಾಗುವ ಮೊದಲೇ ಪೇಪರು ಬಿಡಿಸುತ್ತಿದ್ದರು. ಬಿಡದೆ ನಡೆಸಿಕೊಂಡು ಬಂದದ್ದು ಪಕ್ಕದ ಮನೆಯ ಇಂದೂಧರ ಮತ್ತು ನೀಲಾಂಬಿಕೆ ಮಾತ್ರ. ನಮ್ಮ ಎರಡೂ ಅಡಿಗೆಮನೆಗಳ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಟಕಿ. ಉಪ್ಪು, ಕರಿಬೇವು, ಕಷ್ಟ ಸುಖ ಎಲ್ಲ ಅದರಲ್ಲೇ ಆಚೀಚೆ ಹೋಗುತ್ತಿದ್ದವು. ಹಾಗಾಗಿ ನಾನು ಹೇಳುತ್ತಿರುವುದರಲ್ಲಿ ಅರ್ಧ ನನ್ನ ಕಣ್ಣಿಂದ ಕಂಡದ್ದು, ಇನ್ನರ್ಧ ನೀಲಾ ಬಾಯಿಂದ ಕೇಳಿದ್ದು.

ಇಂದೂಧರನದು ಪೇಟೆಯಲ್ಲಿ ಮ್ಯಾಚಿಂಗ್ ಸೆಂಟರು. ಸೀರೆ ತಂದು ಕೌಂಟರ್ ಮೇಲೆ ಇಟ್ಟರೆ ಸಾಕು, ಒಂದು ಸಲ ನೋಡಿ, ತಿರುಗಿ, ಕಪಾಟಿನ ನೂರಾರು ಬಟ್ಟೆಗಳ ನಡುವೆ ಸರಿಯಾಗಿ ಅದೇ ಬಣ್ಣದ ರವಿಕೆ ಕಣ ಎಳೆಯುತ್ತಿದ್ದ. ಬಿಸಿಲಿಗೆ ಹಿಡಿದು ನೋಡುವ ಮಾತೇ ಇಲ್ಲ. ನೀಲಾ ಮದುವೆಗೆ ಮುಂಚೆ ಅವನ ಅಂಗಡಿಗೆ ಒಂದು ಸೀರೆ ತಂದಿದ್ದಳಂತೆ, ಹಸಿರೂ ಅಲ್ಲ ನೀಲಿಯೂ ಅಲ್ಲ ಅನ್ನುವಂಥ ಬಣ್ಣ. ಅಂಗಡಿಯಲ್ಲಿ ಎಲ್ಲೂ ಅದಕ್ಕೆ ಜೊತೆ ಸಿಗಲಿಲ್ಲ. ಅವನು ಸೀರೆ ಬಿಟ್ಟು ಅವಳನ್ನು ನೋಡುತ್ತ ನಿಂತ. "ಬಟ್ಟೆ ಕೊಡ್ತೀರೋ ಇಲ್ವೋ?" ಅಂತ ಅವಳು ಕೇಳಿದ್ದಕ್ಕೆ "ನಾಳೆ ಬನ್ನಿ" ಅಂದ. ಮರುದಿನವೂ ಅದನ್ನೇ ಅಂದ. ಹೀಗೆ ಬಾ ಬಾ ಅಂತಲೇ ಮನೆಗೆ ಕರೆತಂದ ಅಂತ ನಾನು ರೇಗಿಸುತ್ತಿದ್ದೆ.

ಆಮೇಲೆ ಊರಿಗೆ ಫೋನು ಬಂತು. ಮಾತಾಡುವ ಫೋನು ಮೊದಲೇ ಇತ್ತು, ಅದರಿಂದ ಏನೂ ಕೆಡಲಿಲ್ಲ, ಕಿವಿಯ ಕೆಲಸ ಕಿವಿ ಮಾಡುತ್ತದೆ. ಇದು ನೋಡುವ ಫೋನು. ಹಿರಿಯರು ಕೆಲವರು ಬೇಡ ಬೇಡ ಅಂದರು. ಬೇಡ ಅಂದವರ ಕೈಗೂ ಮಕ್ಕಳು ಒಂದೊಂದು ತಂದುಕೊಟ್ಟರು, ಅಲ್ಲಿಗೆ ಆ ಬಾಯಿಗಳೂ ಮುಚ್ಚಿದವು. ಮೊದಲು ಬಾಗಿಲವಾಡದ ಮೇಲಿನ ಕೆತ್ತನೆಗಳು ಹೋದವು, ಆಮೇಲೆ ಗಲ್ಲಿಯ ತಿರುವಿನ ಕಲ್ಲುಬೆಂಚು. ಕೂರಲು ಹೋದ ಮುದುಕರೊಬ್ಬರು ನೆಲಕ್ಕೆ ಬಿದ್ದ ಮೇಲೆ ಅದು ಹೋಗಿದೆ ಅಂತ ಗೊತ್ತಾಯಿತು. ಜನ ಹೊಂದಿಕೊಂಡರು. ಮಹಡಿ ಮೆಟ್ಟಿಲು ಹತ್ತುವಾಗ ಕಾಲಲ್ಲಿ ತಡವಿಕೊಂಡು ಹತ್ತುವುದು ರೂಢಿಯಾಯಿತು. ಸೇತುವೆ ಮತ್ತೆ ಮಬ್ಬಾಗುತ್ತಿದೆ ಅಂತ ಸುದ್ದಿಯಾದ ದಿನ ಊರಿಗೆ ಊರೇ ದಂಡೆಗೆ ಓಡಿತು. ಹೋದವರೆಲ್ಲ ಫೋನು ಎತ್ತಿ ಹಿಡಿದು ಅದರೊಳಗಿಂದ ಸೇತುವೆ ನೋಡಿದರು. ಫೋಟೋಗಳಲ್ಲಿ ಸೇತುವೆ ಎಷ್ಟು ಚೆನ್ನಾಗಿ ಬಂದಿತ್ತು ಅಂತೀರಿ! ಹೊಳೆಯ ಮೇಲಿದ್ದದ್ದು ಮಾತ್ರ ಅವರ ಎದುರಿಗೇ ಇನ್ನಷ್ಟು ತೆಳುವಾಯಿತು.

ಇಷ್ಟಾದರೂ ನಮಗೆ ಬುದ್ಧಿ ಬರಲಿಲ್ಲ. ಹುಚ್ಚೀರಪ್ಪ ಹೋದಾಗ ಊರಿಗೆ ಊರೇ ಬೆಚ್ಚಿಬಿತ್ತು. ಬಸ್ ಸ್ಟ್ಯಾಂಡಿನ ಎದುರು ತಳ್ಳುಗಾಡಿಯಲ್ಲಿ ಟೀ ಮಾರುತ್ತಿದ್ದ, ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಮೊದಲೆಲ್ಲ ಅವನ ಅಂಗೈಗೆ ಚಿಲ್ಲರೆ ಹಾಕಬೇಕು, ಅವನು ಏನಾದರೂ ಚೇಷ್ಟೆ ಮಾತಾಡಬೇಕು, ನಾವು ನಗಬೇಕು. ಆಮೇಲೆ ಗಾಡಿಗೆ ಆ ಕಪ್ಪು ಬಿಳಿ ಚೌಕದ ಚೀಟಿ ಅಂಟಿಸಿದ. ಜನ ಅದಕ್ಕೆ ಫೋನು ಹಿಡಿದರು, ದುಡ್ಡು ಬಂತು ಅಂತ ಡಬ್ಬಿ ಕೂಗಿತು, ಲೋಟ ಎತ್ತಿಕೊಂಡು ಫೋನು ನೋಡುತ್ತ ಕುಡಿದು ಹೋದರು. ಒಂದು ಬೆಳಿಗ್ಗೆ ಡಬ್ಬಿ ಕೂಗುತ್ತಲೇ ಇತ್ತು, ಟೀ ಬರಲಿಲ್ಲ. ಯಾರೋ ರೇಗಿ ತಲೆ ಎತ್ತಿದರೆ ಒಲೆ ಉರಿಯುತ್ತಿದೆ, ಗಾಡಿಯ ಹಿಂದೆ ಯಾರೂ ಇಲ್ಲ. ಹುಚ್ಚೀರಪ್ಪ ಎಂದು ಹೋದ ಅಂತ ಪೊಲೀಸಿನವರು ಕೇಳಿದರು. ದಿನಾ ಅವನ ಕೈಯ ಟೀ ಕುಡಿದ ಅಷ್ಟೂ ಜನರಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲ. ಪುರಸಭೆಯವರು ಬೆಳಿಗ್ಗೆ ಒಂದು ಗಂಟೆ ಎಲ್ಲರೂ ಮನೆಮಂದಿಯ ಮುಖ ನೋಡತಕ್ಕದ್ದು ಅಂತ ಡಂಗುರ ಹೊಡೆಸಿದರು. ಹುಕುಮಿಗೆ ನೋಡಿದ ನೋಟ ಎಲ್ಲಿ ಹಿಡಿಯಬೇಕು? ಜನ ಮುಖ ನೋಡುತ್ತ ಕೂತರು, ಕಿವಿ ಮಾತ್ರ ಫೋನಿನ ಟಿಣ್ ಅನ್ನುವ ಸದ್ದಿಗೇ ಕಾಯುತ್ತಿತ್ತು.

ಇಂದೂಧರ ಫೋನಿಗೆ ಬಿದ್ದದ್ದು ಅಂಗಡಿಯ ನೆಪದಲ್ಲೇ. ಹೆಂಗಸರು ಸೀರೆಯ ಫೋಟೋ ಕಳಿಸತೊಡಗಿದರು, ಅವನು ರವಿಕೆ ಕಣದ ಫೋಟೋ ಕಳಿಸತೊಡಗಿದ. ಅದರ ಜೊತೆಗೆ ಒಂದು ವಿಡಿಯೋ ಬಂತು, ಅದರ ಬಾಲ ಹಿಡಿದುಕೊಂಡು ಇನ್ನೊಂದು. ಯಾರೋ ಎಲ್ಲೋ ಆನೆಗೆ ಸ್ನಾನ ಮಾಡಿಸುವುದು, ಯಾರೋ ಕಲ್ಲಂಗಡಿ ಒಡೆಯುವುದು. ಬೆಳಿಗ್ಗೆ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದು ತಪ್ಪಲಿಲ್ಲ, ಆದರೆ ಹಾಲು ಉಕ್ಕಿ ಒಲೆ ಆರಿದರೂ ತಲೆ ಎತ್ತುವುದಿಲ್ಲ. ನೀಲಾ ಎದುರಿಗೆ ಕೂತಿರುತ್ತಿದ್ದಳು.

ಅವನು ಕೆಟ್ಟವನಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಬಿಡಬೇಕು ಅಂತ ಒದ್ದಾಡಿದ. ದೇವರ ಮುಂದೆ ನಿಂತು ಇನ್ನು ಮುಟ್ಟುವುದಿಲ್ಲ ಅಂತ ಆಣೆ ಇಟ್ಟ, ಕರ್ಪೂರ ಆರುವ ಮೊದಲೇ ಮುಟ್ಟಿದ. ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟ, ಅಡಿಗೆಮನೆಯ ತುಂಬ ಅಕ್ಕಿ ಚೆಲ್ಲಿ ತೆಗೆದ. ಒಂದು ದಿನ ನನ್ನ ಮನೆಗೆ ಬಂದು, "ವಿಶಾಲಕ್ಕ, ಇದನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ. ನಾನು ಕಾಲಿಗೆ ಬಿದ್ರೂ ಕೊಡಬೇಡಿ" ಅಂದ. ನಾನು ಬೀಗ ಹಾಕಿದೆ. ಬಾಗಿಲವರೆಗೆ ಹೋದವನು ತಿರುಗಿ ಬಂದು, "ಒಂದು ಮೆಸೇಜ್ ಬರೋದಿತ್ತು" ಅಂದ.

"ಈಗ ತಾನೆ ಏನಂದೆ?"

"ನಾನು ನೋಡಬೇಕು ಅಂತ ನೋಡ್ತಿಲ್ಲ ವಿಶಾಲಕ್ಕ. ಬೇಡ ಅಂತಲೇ ಅನ್ಕೊಂಡಿರ್ತೀನಿ. ಕೈ ತಾನಾಗೇ ಹೋಗುತ್ತೆ."

"ಕೈ ನಿಂದಲ್ವೇನಪ್ಪ? ಪಕ್ಕದ ಮನೆಯವರದಾ?"

ಅವನು ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಂಡ. "ನಂದೇ ಅನ್ಕೊಂಡಿದ್ದೆ" ಅಂದ. ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಅಯ್ಯೋ ಅನ್ನಿಸಿತು. ಬೀಗ ತೆಗೆದು ಕೊಟ್ಟೆ. ಹಟ ಮಾಡಿ ಇಟ್ಟುಕೊಂಡಿದ್ದರೂ ಏನು ಬಂತು? ಅವನಿಂದ ಫೋನು ಕಿತ್ತುಕೊಳ್ಳಬಹುದಿತ್ತು, ಮನಸ್ಸು ತಂದುಕೊಡುವುದು ನನ್ನ ಕೈಲಿರಲಿಲ್ಲ.

ನೀಲಾ ವಿಷಯ ನನಗೆ ಗೊತ್ತಾದದ್ದು ಆಮೇಲೆ. ಅವಳು ಕೆಲವು ದಿನದಿಂದ ಗೋಡೆ ಹಿಡಿದು ಓಡಾಡುತ್ತಿದ್ದಳು. ಮೈಗೆ ಹುಷಾರಿಲ್ಲವೇನೇ ಅಂದರೆ ಇಲ್ಲ ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ನೆಲದ ಮೇಲೆ ಅವಳ ಕಾಲುಂಗುರ ಎರಡೂ ಬಿದ್ದಿದ್ದವು. "ಇದ್ಯಾಕೆ ಬಿಚ್ಚಿಟ್ಟಿದೀಯ? ಅಪಶಕುನ" ಅಂದೆ. ಅವಳು ಸೀರೆಯ ಅಂಚು ಸ್ವಲ್ಪ ಎತ್ತಿದಳು. ಎರಡೂ ಪಾದದಲ್ಲಿ ಬೆರಳುಗಳಿಲ್ಲ. ಗಾಯವಿಲ್ಲ, ಕಲೆಯಿಲ್ಲ, ಪಾದ ಮುಂದಕ್ಕೆ ಬರುತ್ತ ಬರುತ್ತ ಮಬ್ಬಾಗಿ ಮುಗಿದುಹೋಗಿತ್ತು. ಕೈಯ ಕಿರುಬೆರಳಿನಾಚೆಗೆ ಅವರೆಕಾಯಿ ಸಿಪ್ಪೆ ಕಾಣುತ್ತಿತ್ತು. ಜಡೆಯ ತುದಿಯಿಲ್ಲ, ಒಂದು ಕಿವಿಯ ಹಾಲೆ ಹೊಗೆಯ ಹಾಗಿತ್ತು. ಇಷ್ಟು ದಿನ ಕಿಟಕಿಯಲ್ಲಿ ಅವಳ ಜೊತೆ ಮಾತಾಡಿದವಳು ನಾನು, ಇದು ಹೇಗೆ ಕಾಣಲಿಲ್ಲವೋ.

"ಈಗಲೇ ಅಂಗಡಿಗೆ ಹೋಗ್ತೀನಿ. ಆ ಇಂದೂಧರನ ಕೊರಳಪಟ್ಟಿ ಹಿಡಿದು ಎಳಕೊಂಡು ಬರ್ತೀನಿ."

ಅವಳು ನನ್ನ ಕೈ ಹಿಡಿದು ಕೂರಿಸಿದಳು. "ಹೇಳಿದ್ರೆ ಅವರು ಹೆದರಿ ನೋಡ್ತಾರೆ. ಹೆದರಿ ನೋಡಿದ್ರೆ ಹಿಡಿಯಲ್ಲ ಅಂತ ನಿಮಗೆ ಗೊತ್ತಲ್ಲ ವಿಶಾಲಕ್ಕ? ಒಂದು ಸಲ ಗೊತ್ತಾಗಿಬಿಟ್ರೆ ಆಮೇಲೆ ಅವರು ಯಾವತ್ತು ನೋಡಿದ್ರೂ ಅದು ಭಯಕ್ಕೆ ನೋಡಿದ್ದೇ. ಅವರಾಗೇ ತಲೆ ಎತ್ತಬೇಕು. ಅಲ್ಲೀವರೆಗೆ ಕಾಯ್ತೀನಿ. ನೀವು ನನ್ನ ಮೇಲೆ ಆಣೆ ಇಟ್ಟು ಹೇಳಿ, ಬಾಯಿಬಿಡಲ್ಲ ಅಂತ."

ಆಣೆ ಇಟ್ಟೆ. ಅವಳು ಹೇಳಿದ್ದು ಎಷ್ಟು ನಿಜ ಅಂತ ನನಗೆ ಮರುದಿನವೇ ತಿಳಿಯಿತು. ಅಲ್ಲಿಯವರೆಗೆ ಕಿಟಕಿಯಾಚೆ ಅವಳ ಮುಖ ಕಂಡರೆ ನನಗೆ ಖುಷಿಯಾಗುತ್ತಿತ್ತು, ಬಹುಶಃ ಆ ಖುಷಿಯಿಂದಲೇ ಅವಳು ಅಷ್ಟಾದರೂ ಉಳಿದಿದ್ದಳು. ಗೊತ್ತಾದ ಮೇಲೆ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ನಾನು ನೋಡುತ್ತಿದ್ದ ಹಾಗೇ ಕಿರುಬೆರಳು ಇನ್ನೊಂದು ಗೆಣ್ಣು ಕರಗಿತು. ನನ್ನ ನೋಟವೂ ಕೆಟ್ಟಿತ್ತು.

ಅವಳು ಆ ಹಸಿರು ನೀಲಿ ಸೀರೆ ಉಟ್ಟಳು. ಒಳ್ಳೆಯ ಸೀರೆ ಉಟ್ಟು ಎದುರಿಗೆ ನಿಲ್ಲುವುದೂ ನೋಡು ಅಂತ ಕೇಳಿದ ಹಾಗೇ, ಅದು ಲೆಕ್ಕಕ್ಕಿಲ್ಲ ಅಂತ ನಮ್ಮೂರಿನ ಕೆಲವು ಹೆಂಗಸರ ವಾದ. ಹಾಗಾದರೆ ಹೂ ಮುಡಿಯುವುದೂ ಬೇಡವೇ ಅಂತ ಇನ್ನು ಕೆಲವರು ಜಗಳಕ್ಕೇ ನಿಲ್ಲುತ್ತಾರೆ. ವಾದ ಇತ್ಯರ್ಥವಾಗುವ ಪ್ರಸಂಗ ಬರಲಿಲ್ಲ. "ಹೇಗಿದೆ ರೀ?" ಅಂತ ಕೇಳಿದ್ದಕ್ಕೆ ಅವನು ಫೋನಿಂದ ಕಣ್ಣು ತೆಗೆಯದೆ "ಚೆನ್ನಾಗಿದೆ" ಅಂದ. ಬಣ್ಣ ನೋಡಿ ಬದುಕುವ ಮನುಷ್ಯ! ಅವತ್ತಿಂದ ನೀಲಾ ಕೇಳುವುದನ್ನೂ ಬಿಟ್ಟಳು. ಬೆಳಿಗ್ಗೆ ಎದುರಿಗೆ ಕೂತು ಆ ಫೋನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅದರ ಒಡೆದ ಮೂಲೆ, ಹಿಂದಿನ ಕೆಂಪು ಕವಚ, ಕ್ಯಾಮೆರಾದ ಕಣ್ಣು, ಯಾವುದು ಎಲ್ಲಿದೆ ಅಂತ ಅವಳಿಗೆ ಬಾಯಿಪಾಠವಾಗಿತ್ತು. "ಸವತಿ ಬಂದಿದ್ರೂ ಇಷ್ಟು ನೋಡ್ತಿರಲಿಲ್ಲ" ಅಂತ ನನ್ನ ಹತ್ತಿರ ಹೇಳಿ ನಕ್ಕಳು.

ಒಂದು ಬೆಳಿಗ್ಗೆ ಆಚೆಯಿಂದ ಚಿಟ್ಟನೆ ಚೀರಿದ ಸದ್ದು ಕೇಳಿತು. ಹೋದಳು ಅಂದುಕೊಂಡೆ. ಮಂಡಿನೋವು ಮರೆತು ಓಡಿದೆ. ನೀಲಾ ಅಡಿಗೆಮನೆಯ ಮಧ್ಯೆ ನಿಂತಿದ್ದಳು, ಇದ್ದಳು. ಬಾಯಿಗೆ ಸೆರಗು ತುರುಕಿಕೊಂಡು ಒಲೆಯ ಕಡೆ ಕೈ ಮಾಡಿ ತೋರಿಸಿದಳು. ಒಲೆಯ ಮುಂದಿನ ಕುರ್ಚಿಯ ಮೇಲೆ, ಮನುಷ್ಯರ ಎದೆಯ ಎತ್ತರದಲ್ಲಿ, ಫೋನೊಂದೇ ಗಾಳಿಯಲ್ಲಿ ನಿಂತಿತ್ತು. ಅಷ್ಟು ಸ್ಪಷ್ಟವಾದ ವಸ್ತುವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಕವಚದ ಮೇಲಿನ ಬೆರಳ ಗುರುತು ಕೂಡ ಎಣಿಸಬಹುದಿತ್ತು. ಅದರ ಹಿಂದೆ ಏನೋ ಅಲುಗಿತು. ಕಣ್ಣು ಕಿರಿದು ಮಾಡಿ ನೋಡಿದರೆ ಇಂದೂಧರ. ಅನ್ನದ ಪಾತ್ರೆಯಿಂದೇಳುವ ಹಬೆಯಷ್ಟೇ ಇದ್ದ. ಅವನ ಎದೆಯ ಮೂಲಕ ಕುರ್ಚಿಯ ಬೆತ್ತದ ಹೆಣಿಗೆ ಕಾಣುತ್ತಿತ್ತು. ಅವನು ಆರಾಮಾಗಿ ವಿಡಿಯೋ ನೋಡುತ್ತಿದ್ದ.

"ನಾನು ಇವರನ್ನ ನೋಡ್ತಾನೇ ಇರಲಿಲ್ಲ ವಿಶಾಲಕ್ಕ," ಅಂದಳು ನೀಲಾ. "ಇಷ್ಟು ದಿನ ಎದುರಿಗೆ ಕೂತು ಅದನ್ನ ನೋಡ್ತಿದ್ದೆ. ಅದನ್ನೇ."

ಅಂಗಡಿಗೆ ಬರುವವರೂ ಈಗ ಇವನ ಮುಖ ನೋಡುವುದಿಲ್ಲ, ಫೋಟೋ ತೋರಿಸಿ ಫೋಟೋ ನೋಡಿ ಹೋಗುತ್ತಾರೆ. ಊರಲ್ಲಿ ಇವನನ್ನು ನೋಡುವವರು ಒಬ್ಬರೂ ಇರಲಿಲ್ಲ. ನೀಲಾ ಅವನ ಮುಂದೆ ಕುಸಿದು ಕೂತು ಕಣ್ಣರಳಿಸಿ ನೋಡಿದಳು. ನಾನೂ ನೋಡಿದೆ. ಏನೂ ಆಗಲಿಲ್ಲ, ನಮ್ಮದು ಹೆದರಿದ ನೋಟ. ಅವನ ಭುಜ ಇನ್ನಷ್ಟು ತೆಳುವಾಯಿತು. ನೀಲಾ ಕಣ್ಣೊರೆಸಿಕೊಂಡು ಎದ್ದಳು. ಮುಖ ಬೇರೆಯೇ ಆಗಿತ್ತು.

"ಬೇಡ. ನಿಜ ಹೇಳ್ಲಾ? ನನಗೆ ಇವರನ್ನ ನೋಡೋಕೆ ಮನಸ್ಸೇ ಇಲ್ಲ. ನಾನ್ಯಾಕೆ ನೋಡ್ಲಿ? ನನ್ನ ಇವರು ನೋಡಿದ್ರಾ? ಹೋದ್ರೆ ಹೋಗ್ಲಿ."

"ಬಾಯಿಗೆ ಬಂದಹಾಗೆ ಆಡಬೇಡವೇ" ಅಂದೆ, ಆದರೆ ನನ್ನ ನಾಲಿಗೆಯಲ್ಲಿ ಬಲವಿರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಯಾರಿಗೂ ಯಾರನ್ನೂ ನೋಡಲೇಬೇಕು ಅಂತ ಇಲ್ಲ.

ಅಷ್ಟರಲ್ಲಿ ಫೋನು ದೊಪ್ಪನೆ ನೆಲಕ್ಕೆ ಬಿತ್ತು. ಹಿಡಿಯುವುದಕ್ಕೆ ಅವನಲ್ಲಿ ಬೆರಳೇ ಉಳಿದಿರಲಿಲ್ಲ. ಬಿದ್ದರೂ ಅದು ಆರದೆ, ಮೇಲ್ಮುಖವಾಗಿ ಬೆಳಗುತ್ತ, ಹಾಡುತ್ತಲೇ ಇತ್ತು. ಅವನು ಬಗ್ಗಿ ಎತ್ತಿಕೊಳ್ಳಲು ನೋಡಿದ. ಕೈ ಅದರೊಳಗಿಂದ ಹಾದುಹೋಯಿತು. ಮತ್ತೆ ಹಾಕಿದ, ಮತ್ತೆ ಹಾದುಹೋಯಿತು. "ಕೈಗೆ ಜೋಮು ಹಿಡಿದಿದೆ ಕಣೆ" ಅಂದ. ಆ ದನಿ ಪಕ್ಕದ ಬೀದಿಯಿಂದ ಬಂದಷ್ಟು ಸಣ್ಣಗಿತ್ತು. ಬೇರೆ ದಾರಿಯಿಲ್ಲದೆ ತಲೆ ಎತ್ತಿ ನೀಲಾಳ ಮುಖ ನೋಡಿದ. ನಾನು ಆಸೆಯಿಂದ ಅವಳ ಕಿರುಬೆರಳು ನೋಡಿದೆ. ಕೂದಲೆಳೆಯಷ್ಟೂ ಬರಲಿಲ್ಲ. ಫೋನು ಇಲ್ಲ ಅಂತ ನೋಡಿದ ನೋಟ ಅದು.

ನೀಲಾಗೂ ಅದು ತಿಳಿಯಿತು. ಆಮೇಲೆ ಅವಳು ಮಾಡಿದ್ದನ್ನು ನಾನು ಯಾವತ್ತೂ ಮರೆಯುವುದಿಲ್ಲ. ನಾನಾಗಿದ್ದರೆ ಒಲೆಯೊಳಗೆ ತಳ್ಳುತ್ತಿದ್ದೆ. ಅವಳು ಬಗ್ಗಿ ಫೋನು ಎತ್ತಿ, ಸೆರಗಿನಿಂದ ಒರೆಸಿ, ತನ್ನ ಮುಖದ ಪಕ್ಕದಲ್ಲೇ ಅವನಿಗೆ ಕಾಣುವ ಹಾಗೆ ಹಿಡಿದಳು. "ತಗೊಳ್ಳಿ" ಅಂದಳು. "ಯಾವುದು ಬೇಕೋ ನೋಡಿ. ನಿಮ್ಮಿಷ್ಟ."

ಅವನ ಕಣ್ಣು ಇವಳ ಮುಖಕ್ಕೆ ಬಂತು, ಫೋನಿಗೆ ಹೋಯಿತು, ಮತ್ತೆ ಮುಖಕ್ಕೆ ಬಂತು. ಎಳೆಯ ಮಗುವಿನ ಎದುರು ಎರಡು ಆಟಿಕೆ ಹಿಡಿದ ಹಾಗಿತ್ತು. ನೀಲಾ ಅವನನ್ನೇ ನೋಡುತ್ತಿದ್ದಳು. ಏನು ಮಾಡುತ್ತಾನೆ ಈ ಮನುಷ್ಯ, ನೋಡೇಬಿಡುತ್ತೇನೆ ಅನ್ನುವ ಕುತೂಹಲ ಅಷ್ಟೇ ಅವಳ ಮುಖದಲ್ಲಿ. ಆ ಗಳಿಗೆಯಲ್ಲಿ ಅವಳು ಭಯವನ್ನು ಮರೆತೇಬಿಟ್ಟಿದ್ದಳು. ನನ್ನ ಕಣ್ಣೆದುರಿಗೇ ಇಂದೂಧರ ಗಟ್ಟಿಯಾಗತೊಡಗಿದ. ಬೆತ್ತದ ಹೆಣಿಗೆ ಮರೆಯಾಯಿತು, ಅಂಗಿಯ ಗುಂಡಿ ಬಂತು, ಭುಜ, ಮೊಣಕೈ, ಬೆರಳು ಎಲ್ಲ ಬಂದವು. ಬಂದ ಬೆರಳುಗಳು ಮೊದಲು ಮಾಡಿದ ಕೆಲಸ ಅಂದರೆ ಅವಳ ಕೈಯಿಂದ ಫೋನು ತೆಗೆದುಕೊಂಡದ್ದು.

ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ನೀಲಾ ಒಲೆಯ ಕಡೆ ತಿರುಗಿದಳು. ಅವನು ಹೆಬ್ಬೆರಳಿಂದ ಫೋನು ತೀಡುತ್ತ ಕೂತ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಫೋನು ಕೈಯಲ್ಲೇ ಇತ್ತು, ಬೆಳಗುತ್ತಲೇ ಇತ್ತು, ಯಾರೋ ಅದರಲ್ಲಿ ಕುಣಿಯುತ್ತಿದ್ದರು. ಯಾರೂ ಏನೂ ಅಂದಿರಲಿಲ್ಲ. ಅವನು ತಲೆ ಎತ್ತಿದ.

ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ಹೆಂಡತಿಯನ್ನು ಹಿಂದಿನಿಂದ ಸುಮ್ಮನೆ ನೋಡಿದ. ಅಂಗಡಿಯಲ್ಲಿ ಸೀರೆ ಮರೆತು ನಿಂತಾಗ ಹೀಗೇ ನೋಡಿದ್ದಿರಬೇಕು. ಅವಳ ಕಿವಿಯ ಹಾಲೆ ಬಂತು. ಜಡೆ ಉದ್ದವಾಗಿ ಸೊಂಟ ದಾಟಿತು. ಸೌಟು ಹಿಡಿದ ಕೈಯಲ್ಲಿ ಕಿರುಬೆರಳು ಚಿಗುರಿದ್ದು ಕಂಡೂ ಅವಳು ತಿರುಗಲಿಲ್ಲ, ಬೆನ್ನು ಹಾಕಿಕೊಂಡೇ ನಿಂತಳು, ಜಾಣೆ. ಅವನ ನೋಟ ಜಡೆಯ ಜಾಡು ಹಿಡಿದು ಇಳಿಯಿತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತ ಮನಸ್ಸಲ್ಲೇ ಅನ್ನುತ್ತಿದ್ದೆ. ಸಾಸಿವೆ ಚಟಪಟ ಅಂದಿತು, ಎಣ್ಣೆ ಸಿಡಿಯಿತು ಅಂತ ಅವಳು ಸೀರೆ ಎತ್ತಿ ಒಂದು ಹೆಜ್ಜೆ ಹಿಂದೆ ಸರಿದಳು. ಅವನಿಗೆ ಪಾದ ಕಂಡಿತು.

ಆ ಮನುಷ್ಯ ಕೂಗಿಕೊಂಡ ಕೂಗು ಬೀದಿಯ ಕೊನೆಯವರೆಗೆ ಕೇಳಿತಂತೆ. "ಬೆರಳೆಲ್ಲಿ? ನೀಲಾ, ಬೆರಳೆಲ್ಲೇ?" ನೆಲಕ್ಕೆ ಬಿದ್ದು ಅವಳ ಪಾದ ಹಿಡಿದುಕೊಂಡ. "ಇದು ಯಾವಾಗಿಂದ? ಯಾಕೆ ಹೇಳಲಿಲ್ಲ ನನಗೆ?" ನೀಲಾ ಅವನ ತಲೆಯ ಮೇಲೆ ಕೈಯಿಟ್ಟು ನಿಂತಳು. ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಆಗಬಾರದ್ದು ಆಗಿತ್ತು. ಅವನಿಗೆ ಗೊತ್ತಾಗಿತ್ತು.

ಅವತ್ತಿಂದ ಇಂದೂಧರ ಹೆಂಡತಿಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಅಂಗಡಿಗೆ ಬೀಗ ಹಾಕಿದ. ಫೋನನ್ನು ಆರಿಸಿ ಮೂಲೆಗೆ ಎಸೆದ. ಅದನ್ನು ಬಿಡುವುದು ಈಗ ಅವನಿಗೆ ಕಷ್ಟವೇ ಆಗಲಿಲ್ಲ. ಬೆಳಗಿನಿಂದ ಅವಳ ಕಾಲ ಬಳಿ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು, ಇಲ್ಲದ ಬೆರಳುಗಳನ್ನೇ ನೋಡುತ್ತಾನೆ. ಒಂದು ಉಗುರೂ ಚಿಗುರಿಲ್ಲ. ಚಿಗುರುವುದಿರಲಿ, ಮಬ್ಬು ಪಾದದ ನಡು ದಾಟಿ ಹಿಮ್ಮಡಿಯ ಕಡೆಗೆ ಬರುತ್ತಿದೆ. "ನೋಡ್ತಾನೇ ಇದೀನಲ್ಲ ವಿಶಾಲಕ್ಕ, ಇನ್ನೂ ಹೇಗೆ ನೋಡಬೇಕು?" ಅಂತ ನನ್ನನ್ನು ಕೇಳಿದ. ಫೋನು ಹಿಡಿದಾಗ ನಿನ್ನ ಕೈ ನಿನ್ನ ಮಾತು ಕೇಳುತ್ತಿರಲಿಲ್ಲ, ಈಗ ನಿನ್ನ ಕಣ್ಣೂ ಕೇಳುತ್ತಿಲ್ಲ ಅಂತ ಹೇಳಲೇ? ಭಯ ಅವನನ್ನು ಅಲ್ಲಾಡದಂತೆ ಹಿಡಿದಿತ್ತು.

ಕಡೆಗೆ ನೀಲಾ ಒಂದು ದಿನ ಮೂಲೆಯಿಂದ ಫೋನು ಹುಡುಕಿ, ಚಾರ್ಜಿಗೆ ಹಾಕಿ, ತಂದು ಅವನ ಕೈಯಲ್ಲಿಟ್ಟಳು. "ಇದನ್ನ ನೋಡಿ ಮಾರಾಯ್ರೇ, ಸ್ವಲ್ಪ ಹೊತ್ತಾದ್ರೂ ನೋಡಿ. ನನ್ನ ಮರೀರಿ." ಅವನು ವಿಷ ಕೊಟ್ಟ ಹಾಗೆ ಬೆಚ್ಚಿ ಕೈ ಕೊಡವಿದ. ಅವಳು ಬಿಡಲಿಲ್ಲ. ದಿನಾ ಬೆಳಿಗ್ಗೆ ಕೈಗೆ ಕೊಡುತ್ತಾಳೆ. ಮದುವೆಯ ವಿಡಿಯೋ, ಆನೆಯ ವಿಡಿಯೋ, ಬಿದ್ದು ಎದ್ದು ನಗಿಸುವವರದು, ಅವಳೇ ಹುಡುಕಿ ಹಾಕಿಕೊಡುತ್ತಾಳೆ. ಅವನು ಫೋನು ಎದುರಿಗೆ ಹಿಡಿದುಕೊಂಡು, ಅದರ ಅಂಚಿನ ಮೇಲಿಂದ ಅವಳ ಪಾದ ನೋಡುತ್ತ, "ನೋಡ್ತಿದೀನಿ, ನೋಡ್ತಿದೀನಿ" ಅನ್ನುತ್ತಾನೆ. ಒಮ್ಮೆ ಅದು ತಲೆಕೆಳಗಾಗಿತ್ತು. "ಅದನ್ನ ನೋಡಿ ಅಂದೆ, ನನ್ನನ್ನಲ್ಲ!" ಅಂತ ನೀಲಾ ಅತ್ತುಬಿಟ್ಟಳು. ಗೋಡೆಯೀಚೆ ನಾನು ಅನ್ನದ ತಪ್ಪಲೆ ಹಿಡಿದು ಹಾಗೇ ನಿಂತಿದ್ದೆ.

ಇವತ್ತು ಬೆಳಿಗ್ಗೆ ಕಿಟಕಿಯ ಹಲಗೆ ಬಡಿದ ಸದ್ದಾಯಿತು. ತೆಗೆದರೆ ನೀಲಾ. ಗೋಡೆಗೆ ಒರಗಿ, ಹಿಮ್ಮಡಿಯ ಮೇಲೆ ಹೇಗೋ ನಿಂತುಕೊಂಡಿದ್ದಾಳೆ. ಮುಖದಲ್ಲಿ ಅಂಥ ಬೆಳಕನ್ನು ನಾನು ಎಷ್ಟೋ ದಿನದಿಂದ ಕಂಡಿರಲಿಲ್ಲ. ಸದ್ದು ಮಾಡಬೇಡಿ ಅಂತ ತುಟಿಯ ಮೇಲೆ ಬೆರಳಿಟ್ಟು, ಪಿಸುಮಾತಿನಲ್ಲಿ ಹೇಳಿದಳು. "ವಿಶಾಲಕ್ಕ, ನಕ್ಕರು! ಫೋನ್ ನೋಡಿ ನಕ್ಕರು! ಕರೆದೆ, ಕೇಳಿಸಲಿಲ್ಲ. ಎದುರಿಗೆ ಹೋಗಿ ನಿಂತೆ, ನನ್ನ ಗೊಡವೆಯೇ ಇಲ್ಲ ಅವರಿಗೆ."

ನಾನು ಕಿಟಕಿಯ ಸರಳಿನ ನಡುವೆ ಕೈ ಹಾಕಿ ಅವಳ ಕೈ ಹಿಡಿದುಕೊಂಡೆ. ಗಂಡ ಹೆಂಡತಿಯನ್ನು ಮರೆತ ಅಂತ ಕೇಳಿ ನನಗೆ ಸಂತೋಷದಿಂದ ಅಳು ಬಂತು. ಆಚೆಯಿಂದ ಮತ್ತೊಂದು ಸಲ ಅವನ ನಗು ಕೇಳಿತು, ಹೊಟ್ಟೆ ತುಂಬ ನಕ್ಕ ನಗು.

"ಹೋಗು, ಹೋಗಿ ನಿನ್ನ ಕೆಲಸ ಮಾಡ್ಕೋ" ಅಂದೆ. "ಆ ಕಡೆ ತಿರುಗಿಯೂ ನೋಡಬೇಡ. ಇನ್ನು ಅವನಾಗೇ ತಲೆ ಎತ್ತೋದೊಂದೇ ಬಾಕಿ."